ಟ್ರ್ಯಾಕ್ಟರಿನ ಮುಂಭಾರ

ತಮ್ಮನಿಗೆ,

ಪಾಲಿನಲ್ಲಿ ನಿನಗೆ ಜಮೀನು ಬೇಡ, ಅಪ್ಪನ ಹಳೆಯ ಟ್ರ್ಯಾಕ್ಟರ್ ಒಂದೇ ಸಾಕು ಎಂದು ಬರೆದಿದ್ದೀಯ. ಅದನ್ನು ಓದಿ ಅಮ್ಮನಿಗೆ ಕಣ್ಣು ತುಂಬಿ ಬಂತು. ನನಗೆ ಬರಲಿಲ್ಲ.

ನೇಗಿಲು ಎತ್ತಿದರೆ ಮುಂದಿನ ಗಾಲಿಗಳು ಮೇಲೇಳುತ್ತವೆ, ಮೂತಿಗೆ ಭಾರ ಬೇಕು ಎಂದು ನೀನೇ ಕಾಂಕ್ರೀಟಿನ ದಿಮ್ಮಿ ಮಾಡಿ ಕೂರಿಸಿದೆಯಲ್ಲ, ಒಳ್ಳೆಯ ಕೆಲಸವೇ. ಆದರೆ ತಗಡಿನ ಅಚ್ಚಿಗೆ ಸಿಮೆಂಟು ಸುರಿಯುವುದಕ್ಕೆ ಶೆಡ್ಡಿನ ಬಾಗಿಲು ಯಾಕೆ ಹಾಕಿಕೊಂಡಿದ್ದೆ? ಅಮ್ಮನ ಒಡವೆ ಡಬ್ಬಿ ಕಾಣೆಯಾದದ್ದೂ ಅದೇ ವಾರ. ಹಾಲು ಕರೆಯುವವಳ ಮೇಲೆ ಗೂಬೆ ಕೂರಿಸಿ ಕೆಲಸ ಬಿಡಿಸಿದವನೂ ನೀನೇ.

ಮೊನ್ನೆ ಮೆಕ್ಯಾನಿಕ್ ದಿಮ್ಮಿಯನ್ನು ತಟ್ಟಿ ನೋಡಿ, "ಅಕ್ಕಾ, ನಡುವೆ ಟೊಳ್ಳು ಸದ್ದು ಬರ್ತಿದೆ, ಒಡೆದು ನೋಡ್ಲಾ?" ಅಂದ. ಬೇಡ ಅಂದೆ. ಅದನ್ನು ಬಿಚ್ಚಿಸಿ, ಆ ಜಾಗಕ್ಕೆ ಕಬ್ಬಿಣದ ಭಾರ ಹಾಕಿಸಿದ್ದೇನೆ. ಈಗ ಗಾಲಿ ನೆಲ ಬಿಡುವುದಿಲ್ಲ.

ಭಾನುವಾರ ಬಂದು ಟ್ರ್ಯಾಕ್ಟರ್ ತೆಗೆದುಕೊಂಡು ಹೋಗು. ಬರುವ ದಾರಿಯಲ್ಲಿ ಹಾಲು ಕರೆಯುವವಳ ಮನೆಗೆ ಹೋಗಿ, ಅವಳನ್ನೂ ಜೊತೆಗೆ ಕರೆದುಕೊಂಡು ಬಾ.

ದಿಮ್ಮಿ ಹಿತ್ತಲಿನಲ್ಲಿದೆ. ಅಮ್ಮ ಏನೂ ತಿಳಿಯದೆ ದಿನಾ ಅದರ ಮೇಲೆ ಬಟ್ಟೆ ಒಗೆಯುತ್ತಾಳೆ. ಅವರಿಬ್ಬರ ಎದುರಿಗೆ ನೀನೇ ಅದನ್ನು ಒಡೆಯಬೇಕು. ದೊಡ್ಡ ಸುತ್ತಿಗೆ ತಾ.

ಕಾಯುತ್ತಿರುವ,
ನಿನ್ನ ಅಕ್ಕ