ಮೂವರು ಕೈಲಾಗದವರಿಗೆ ತಕ್ಕ ಟೊಮೆಟೊ

ಮನೆಯಿಂದ,
ಗುರುವಾರ, ಸಂಜೆ

ಪ್ರೀತಿಯ ಅಕ್ಕಾ,

ತರ್ಕಶಾಸ್ತ್ರದ ಅಧ್ಯಾಪಕನೂ ನಿನ್ನ ಒಬ್ಬನೇ ತಮ್ಮನೂ ಆದ ನಾನು, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ನಿನ್ನೆ ಬೆಳಗ್ಗೆ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರ ಗೋಡೆಗೆ ಏಣಿ ಹಾಕಿ, ಅವರ ಗಿಡದಿಂದ ಒಂದು ಟೊಮೆಟೊ ಹಣ್ಣನ್ನು ಕದ್ದಿದ್ದೇನೆ. ನೀನು ಆಸೆಪಟ್ಟು ಕೇಳಿದೆಯಲ್ಲ, ದಾರ ಎಳೆದು ಬಿಗಿದ ಚೀಲದ ಹಾಗೆ ಮಡಿಕೆ ಮಡಿಕೆಯಾಗಿರುವ ಆ ಹುಳಿ ಜಾತಿ, ಅದು. ಅದರ ಬೀಜ ಯಾವ ಅಂಗಡಿಯಲ್ಲೂ ಸಿಗದ ಕಾರಣ ಅಪರಾಧಕ್ಕೆ ಇಳಿಯಬೇಕಾಯಿತು. ಹಣ್ಣು ಕೈಗೆ ಬಂದ ಕ್ಷಣದಲ್ಲೇ ಗೋಡೆಯಾಚೆಯಿಂದ ದನಿ ಕೇಳಿತು: “ಏನ್ ಮೇಷ್ಟ್ರೇ, ಗೋಡೆ ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡ್ತಾ ಇದೀರಾ?” ಅಕ್ಕನಿಗೆ, ಬೀಜಕ್ಕೆ ಎಂದು ತೊದಲಿದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಕೈಯಲ್ಲಿದ್ದುದನ್ನು ನೋಡಿ, “ಅಕ್ಕನಿಗಾದ್ರೆ ಅದನ್ನ ಬಿಡಿ, ಅದರಲ್ಲಿ ಹುಳ ಇದೆ. ಕದಿಯೋದಿಕ್ಕೂ ಒಂದು ವಿದ್ಯೆ ಬೇಕು” ಎಂದು ಬೇರೆಯದನ್ನೇ ಕಿತ್ತು ಕೊಟ್ಟರು. ಕಳ್ಳತನದಲ್ಲೂ ಪಾಸಾಗದವನು ನಿನ್ನ ತಮ್ಮ.

ಈಗ ಹೇಳು, ಹೇಗಿದ್ದೀಯ? ಪಾದದ ಊತ ಇಳಿದಿದೆಯೇ? ಡಯಾಲಿಸಿಸ್ ಮುಗಿದ ದಿನ ಬರುವ ಆ ಸುಸ್ತು ಕಡಿಮೆಯೇ? ಬಾಯಾರಿಕೆ ತಡೆಯಲಾರದೆ ಭಾವನ ಕಣ್ಣು ತಪ್ಪಿಸಿ ಹೆಚ್ಚಿಗೆ ನೀರು ಕುಡಿಯಬೇಡ. ನಿನ್ನ ಕಾಗದ ಬಂತು. ಎರಡು ಪುಟದ ತುಂಬ ಟೊಮೆಟೊ. ಯಾವ ತಳಿ, ಎಲ್ಲಿ, ಎಷ್ಟು ಅಂತರ. ಮುಂದಿನ ತಿಂಗಳು ನನ್ನ ಎರಡು ಕಿಡ್ನಿಗಳಲ್ಲಿ ಒಂದು ನಿನ್ನದಾಗುವ ವಿಚಾರ ಮಾತ್ರ ಒಂದಕ್ಷರವೂ ಇಲ್ಲ. ನನಗೆ ಗೊತ್ತು, ಅಕ್ಕ. ಫೋನಿನಲ್ಲಿ ಅವತ್ತು ಒಂದೇ ಸಲ, ಯಾರಿಗೋ ಉಪ್ಪು ಬೇಕೇ ಎಂದು ಕೇಳುವ ಹಾಗೆ, “ಬೇಡ ಅನ್ನಿಸಿದ್ರೆ ಈಗ್ಲೇ ಹೇಳಿಬಿಡೋ, ನಂಗೇನೂ ಬೇಜಾರಿಲ್ಲ” ಅಂದೆ. ಆಮೇಲೆ ಆ ಮಾತನ್ನೇ ಎತ್ತಿಲ್ಲ. ನನಗೆ ಯಾವ ಭಯವೂ ಇಲ್ಲ ಎಂದು ಇಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆಂದು ತಿಳಿ. ಆಸ್ಪತ್ರೆಯಲ್ಲಿ ಕೊನೆಯ ಪರೀಕ್ಷೆಗೆ ಈ ಸೋಮವಾರವೇ ಬರಬೇಕಿತ್ತು. ಬಸ್ಸು ಕೆಟ್ಟು ನಿಂತ ಕಥೆ ಭಾವ ಹೇಳಿರಬೇಕು. ಬರುವ ಸೋಮವಾರ ಬಂದೇ ಬರುತ್ತೇನೆ. ಭಾವ ಎದುರುಗೊಳ್ಳಲು ಬರುವುದೇನೂ ಬೇಡ. ನಾನೇನು ಕಳೆದುಹೋಗುವ ಮಗುವೇ?

ಟೊಮೆಟೊ ವಿಚಾರಕ್ಕೆ ಬರೋಣ. ಆಸ್ಪತ್ರೆಗೆಂದು ನೀವಿಬ್ಬರೂ ಬಿಟ್ಟುಹೋದ ನಮ್ಮ ಹಿತ್ತಿಲಿನ ಪರಿಸ್ಥಿತಿಯನ್ನು ತರ್ಕಬದ್ಧವಾಗಿ ಯೋಚಿಸಿದೆ. ಆಪರೇಷನ್ ಆದಮೇಲೆ ತಿಂಗಳುಗಟ್ಟಲೆ ನೀನು ಮಣ್ಣು ಮುಟ್ಟುವಂತಿಲ್ಲ, ಸೋಂಕು ತಗಲುತ್ತದೆ. ನಾನು ಭಾರ ಎತ್ತುವಂತಿಲ್ಲ, ಹೊಲಿಗೆ ಬಿಚ್ಚುತ್ತದೆ. ಉಳಿದವರು ಭಾವ. ಅವರ ಮುಖದಲ್ಲಿ ಎಷ್ಟು ಬೇಕಾದರೂ ಕಳೆ ಇರಲಿ, ತೋಟದಲ್ಲಿ ಕಳೆ ಯಾವುದು ಸಸಿ ಯಾವುದು ಎಂದು ಅವರಿಗೆ ತಿಳಿಯುವುದಿಲ್ಲ. ಹೋದ ವರ್ಷ ಹುಲ್ಲಿಗೆ ಗೂಟ ಕಟ್ಟಿ ನೀರು ಹಾಕಿದ ಮಹಾನುಭಾವರು. ಆದ್ದರಿಂದ ಈ ಸಲ ಬೇಕಾದದ್ದು ಮೂವರು ಕೈಲಾಗದವರಿಗೆ ತಕ್ಕ ಟೊಮೆಟೊ. ಎತ್ತರಕ್ಕೆ ಏರುವ ಬಳ್ಳಿ ಜಾತಿಯನ್ನು ಮೊದಲೇ ಹೊಡೆದುಹಾಕಿದೆ. ಅದಕ್ಕೆ ಗೂಟ ಬೇಕು, ದಾರ ಬೇಕು, ವಾರವಾರವೂ ಎಲೆಯ ಕಂಕುಳಲ್ಲಿ ಹುಟ್ಟುವ ಚಿಗುರು ಚಿವುಟಬೇಕು. ಭಾವ ಚಿಗುರು ಬಿಟ್ಟು ಗಿಡ ಚಿವುಟುತ್ತಾರೆ. ಹೋದ ಸಲ ಗಿಡಗಳು ಹಸಿರಾಗಿ ನಿಂತಂತೆಯೇ ಸೊರಗಿ ಸತ್ತ ಮಡಿಯೂ ಬೇಡ, ರೋಗ ಇನ್ನೂ ಮಣ್ಣಿನಲ್ಲೇ ಇರುತ್ತದೆ. ಹೊಸ ಮಣ್ಣು ತುಂಬಿದ ಚೀಲಗಳನ್ನು ಕಟ್ಟೆಯ ಮೇಲೆ, ಬಗ್ಗದೆ ಕೈಗೆಟಕುವಷ್ಟು ಎತ್ತರದಲ್ಲಿ ಸಾಲಾಗಿ ಇಟ್ಟಿದ್ದೇನೆ. ಎತ್ತುವ ಕೆಲಸವೆಲ್ಲ ಈಗಲೇ ಮುಗಿಯಲಿ ಎಂದು.

ಸಸಿ ನೋಡಲು ಒಂದು ನರ್ಸರಿಗೆ ಹೋಗಿದ್ದೆ. ಅಲ್ಲಿನ ಹೆಂಗಸಿಗೆ ಮಾತೆಂದರೆ ಪ್ರಾಣ. ಮೊಣಕಾಲೆತ್ತರದ ಪೊದೆ ಜಾತಿ ತೋರಿಸಿ, “ತಗೊಳ್ಳಿ ಸಾರ್, ಇದಕ್ಕೆ ಗೂಟ ಗೀಟ ಏನೂ ಬೇಡ. ಎಲ್ಲಾ ಹಣ್ಣೂ ಒಟ್ಟಿಗೆ ಕೊಟ್ಟು ಹೋಗಿಬಿಡುತ್ತೆ” ಎಂದಳು. ಕೊಟ್ಟು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಒಣಗಿ ಹೋಗುತ್ತೆ ಸಾರ್, ಇನ್ನೆಲ್ಲಿಗೆ?” ಎಂದಳು. ಆ ಪೊದೆ ಜಾತಿ ನನಗೆ ಯಾಕೋ ಹಿಡಿಸಲಿಲ್ಲ. ಕೊಟ್ಟಮೇಲೂ ಬದುಕಿರುವ ಜಾತಿ ಯಾವುದಾದರೂ ಇದೆಯೇ ಎಂದೆ. ಚೆರ್ರಿ ಟೊಮೆಟೊ ತೋರಿಸಿದಳು. ಗೋಲಿ ಗಾತ್ರದ ಹಣ್ಣು. ಕಿತ್ತಷ್ಟೂ ಬಿಡುತ್ತದಂತೆ, ಮರೆತರೂ ಕೋಪಿಸಿಕೊಳ್ಳುವುದಿಲ್ಲವಂತೆ, ಗೂಟವಿಲ್ಲದಿದ್ದರೆ ಕಟ್ಟೆಯಿಂದ ಕೆಳಕ್ಕೆ ಜೋತುಬೀಳುತ್ತದಂತೆ. ಭಾವನಿಗೆ ಹೇಳಿಮಾಡಿಸಿದ ಹಾಗಿದೆ. ನಾಲ್ಕು ಸಸಿ ತಂದೆ.

ಆಮೇಲೆ ಅವಳು ಒಂದು ಪ್ಲಾಸ್ಟಿಕ್ ಪರದೆ ಸರಿಸಿ, ಮೆತ್ತಗೆ, ಹೊಸ ಮಗುವನ್ನು ತೋರಿಸುವವಳ ಹಾಗೆ, “ನಿಮ್ಮ ಮಣ್ಣಲ್ಲಿ ಸೊರಗು ರೋಗ ಇದೆ ಅಂದ್ರಲ್ಲ, ಹಾಗಾದ್ರೆ ಇದೇ ಸರಿ. ಕಸಿ ಗಿಡ. ಬೇರು ಬದನೆಯದು, ಮೇಲಿನದು ಟೊಮೆಟೊ” ಎಂದಳು. ಕಸಿವಿಸಿ ಎಂಬ ಪದ ಎಲ್ಲಿಂದ ಹುಟ್ಟಿತೆಂದು ನನಗೆ ಆ ಕ್ಷಣ ಹೊಳೆಯಿತು. ಕಾಂಡದ ನಡುವೆ ಒಂದು ಪುಟ್ಟ ಕ್ಲಿಪ್ಪು, ಅದರ ಕೆಳಗೆ ಓರೆಯಾಗಿ ಕೊಯ್ದ ಗುರುತು. ಹಿಡಿದಿದೆ ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. “ಸುಮ್ನಿದ್ರೆ ಹಿಡಿಯುತ್ತೆ. ಘಳಿಗೆಗೊಂದ್ಸಲ ಪರದೆ ತೆಗೆದು ನೋಡ್ತಾ ಇದ್ರೆ ಬಾಡುತ್ತೆ” ಎಂದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸದೆ, ಕೆಳಗಿನ ಬದನೆಗೆ ಇದರಿಂದ ಏನೂ ತೊಂದರೆ ಇಲ್ಲ ತಾನೆ, ಎಂದು ಕೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಅದರ ತಲೆ ತೆಗೆದೇ ಅಲ್ವಾ ಸಾರ್ ಇದನ್ನ ಕೂರಿಸೋದು!” ಕಸಿ ಗಿಡ ತರಲಿಲ್ಲ. ತುಂಬ ದುಬಾರಿ.

ನಗಬೇಡ. ನಗು ಬಂದರೆ ನಕ್ಕುಬಿಡು, ನಿನ್ನ ನಗು ಕೇಳಿ ಬಹಳ ದಿನವಾಯಿತು. ಕಾಲೇಜಿನಲ್ಲಿ ಇಷ್ಟು ವರ್ಷ ಪಾಠಕ್ಕೆ ಕೊಡುತ್ತಿದ್ದ ಉದಾಹರಣೆ ನಿನಗೂ ಗೊತ್ತು: ಎಲ್ಲ ಮನುಷ್ಯರಿಗೂ ಸಾವು ಖಚಿತ, ಮೇಷ್ಟ್ರು ಮನುಷ್ಯರು, ಆದ್ದರಿಂದ... ಈ ವಾರ ಆ ಆದ್ದರಿಂದದ ಹತ್ತಿರ ಬಂದಾಗ ಸೀಮೆಸುಣ್ಣ ನಿಂತುಬಿಟ್ಟಿತು. ಅಳಿಸಿ, ಎಲ್ಲ ಟೊಮೆಟೊಗಳೂ ಹಣ್ಣುಗಳು ಎಂದು ಬರೆದೆ. ಹಿಂದಿನ ಬೆಂಚಿನಿಂದ ಒಬ್ಬಳು, “ಸಾರ್, ತರಕಾರಿ ಅಲ್ವಾ?” ಎಂದಳು, ಉಳಿದ ಗಂಟೆ ಆ ಜಗಳದಲ್ಲೇ ಕಳೆಯಿತು. ಸ್ನಾನ ಮಾಡುವಾಗ ಎಡ ಪಕ್ಕೆಯನ್ನು ಮಾತ್ರ, ಪಕ್ಕದ ಮನೆಯಿಂದ ಕಡ ತಂದ ಗಾಜಿನ ಪಾತ್ರೆಯನ್ನು ತೊಳೆಯುವ ಹಾಗೆ, ಮೆಲ್ಲಗೆ ಉಜ್ಜುತ್ತೇನೆ. ಬಸ್ಸಿನಲ್ಲಿ ಯಾರಾದರೂ ಆ ಕಡೆಗೆ ಮೊಣಕೈ ತಾಗಿಸಿದರೆ, ಇದು ನನ್ನಕ್ಕನದು, ಸ್ವಲ್ಪ ಜೋಪಾನ, ಎನ್ನಬೇಕೆನಿಸುತ್ತದೆ. ಇದು ಭಯವಲ್ಲ, ಬರೀ ಎಚ್ಚರಿಕೆ.

ಪೋಸ್ಟ್‌ಮಾಸ್ಟರರು ಕೊಟ್ಟ ಹಣ್ಣನ್ನು ಹಿಂಡಿ, ಬೀಜವನ್ನು ಲೋಳೆಯ ಸಮೇತ ಲೋಟದ ನೀರಿನಲ್ಲಿ ಹುಳಿಯಲು ಬಿಟ್ಟಿದ್ದೇನೆ, ಅಡುಗೆಮನೆ ನಾರುತ್ತಿದೆ. ಅದು ನಿಧಾನದ ಜಾತಿ. ಬೇರೆಲ್ಲ ಹಣ್ಣಾಗಿ ಮುಗಿದಮೇಲೆ ಅದು ಹೂ ಬಿಡಲು ಮನಸ್ಸು ಮಾಡುತ್ತದಂತೆ. ಬೇಗ ಬರುವುದನ್ನೇ ಹಾಕೋಣವೇ ಎಂದು ಬಹಳ ಯೋಚಿಸಿದೆ. ಅದನ್ನಾದರೆ ಆಸ್ಪತ್ರೆಗೆ ಹೋಗುವ ಮೊದಲೇ ಕಾಯಿಯನ್ನಾದರೂ ಕಣ್ಣಲ್ಲಿ ನೋಡಬಹುದು. ನಿಧಾನದ್ದನ್ನು ಹಾಕುವುದೆಂದರೆ, ಅದು ಕೆಂಪಾಗುವ ಹೊತ್ತಿಗೆ ನೀನೂ ನಾನೂ ಇಬ್ಬರೂ ಈ ಹಿತ್ತಿಲಿನಲ್ಲಿರುತ್ತೇವೆ ಎಂದು ಯಾರ ಬಳಿಯೋ ಹೇಳಿಬಿಟ್ಟ ಹಾಗೆ. ಅಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ಯಾರಿಗಿದೆ? ಡಾಕ್ಟರೇ ಹೇಳುವುದಿಲ್ಲ, ಸಾಮಾನ್ಯವಾಗಿ, ಬಹುಮಟ್ಟಿಗೆ, ನೋಡೋಣ ಎನ್ನುತ್ತಾರೆ. ಆದರೂ ಎರಡು ಚೀಲ ಅದಕ್ಕೆಂದೇ ಇಟ್ಟಿದ್ದೇನೆ. ಎರಡು ವರ್ಷದಿಂದ ನೀನು ಟೊಮೆಟೊ ಬಾಯಿಗಿಟ್ಟಿಲ್ಲ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆಂದು. ಹೊಸ ಕಿಡ್ನಿ ಸರಿಯಾಗಿ ಕೆಲಸಕ್ಕೆ ಕೂತರೆ ತಿನ್ನಬಹುದು ಎಂದಿದ್ದಾರಲ್ಲ. ಮೊದಲು ತಿನ್ನುವ ಹಣ್ಣೇ ಗೋಲಿ ಗಾತ್ರದ್ದಾದರೆ ನಿನಗೆ ಅವಮಾನ.

ಭಾವನಿಗೆ ನಮಸ್ಕಾರ ಹೇಳು, ಅವರ ಊಟವನ್ನೂ ಸ್ವಲ್ಪ ನೋಡಿಕೋ. ನೀನು ಚೆನ್ನಾಗಿ ನಿದ್ದೆ ಮಾಡು, ನನ್ನ ಚಿಂತೆ ಬಿಡು.

ನಿನ್ನ ಎದೆಗಾರ ತಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅಕ್ಕ, ಸೋಮವಾರ ಬಸ್ಸು ಕೆಟ್ಟಿರಲಿಲ್ಲ. ಹೊತ್ತಿಗೆ ಮುಂಚೆಯೇ ತಂದು ಇಳಿಸಿತ್ತು. ನಾನು ಬರೆದ ಆ ನರ್ಸರಿ ನಮ್ಮೂರಿನದಲ್ಲ, ನಿಮ್ಮ ಆಸ್ಪತ್ರೆಯ ಹಿಂದಿನ ಗೇಟಿನ ಎದುರಿಗಿರುವುದು. ಗೇಟಿನವರೆಗೆ ಬಂದೆ, ಕಾಲು ಮುಂದೆ ಹೋಗಲಿಲ್ಲ, ರಸ್ತೆ ದಾಟಿ ಸಸಿ ನೋಡುವವನಂತೆ ಅಲ್ಲಿನ ಬೆಂಚಿನ ಮೇಲೆ ಕೂತೆ. ಅಲ್ಲಿಂದ ಡಯಾಲಿಸಿಸ್ ವಾರ್ಡಿನ ಕಿಟಕಿ ಕಾಣುತ್ತದೆ. ಸರಳಿಗೆ ನಿನ್ನ ಹಳದಿ ಟವಲ್ ಒಣಹಾಕಿತ್ತು, ಭಾವ ಬಂದು ಒಳಗೆ ತೆಗೆದುಕೊಂಡರು. ಅದನ್ನು ನೋಡಿಯೂ ಎದ್ದು ಬರಲಾಗಲಿಲ್ಲ, ವಾಪಸು ಬಸ್ಸು ಹತ್ತಿದೆ. ಬೇಡ ಅನ್ನಿಸಿಲ್ಲ, ಅಕ್ಕ, ಒಂದು ಸಲವೂ ಅನ್ನಿಸಿಲ್ಲ. ಬರೀ ಹೆದರಿಕೆ. ಬರುವ ಸೋಮವಾರ ಭಾವನನ್ನು ಆ ಬೆಂಚಿನ ಹತ್ತಿರ ಕಳಿಸು. ನಾನು ಸಸಿ ನೋಡುತ್ತಿದ್ದೇನೆ ಎಂದು ಏನೇ ಸುಳ್ಳು ಹೇಳಿದರೂ ಕೈ ಹಿಡಿದು ರಸ್ತೆ ದಾಟಿಸಲಿ. ಒಳಗೆ ಹೋಗುವವರೆಗೂ ಬಿಡಬಾರದೆಂದು ಹೇಳು.