ಮಹಡಿ ಮೇಲಿನ ಗುಮಾಸ್ತ

ಆಬುಲಾಕ್ವಾ, ಮಲೈತಾ
ಜೂನ್ 14, 2008, ಶನಿವಾರ

ಪ್ರೀತಿಯ ನೊಯ್ಲಿನ್,

ಬ್ರಿಸ್ಬೇನಿನ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಎರಡು ಸ್ವೆಟರ್ ಒಟ್ಟಿಗೇ ಹಾಕಿಕೋ. ದ್ವೀಪದಿಂದ ಬಂದ ಮ್ಯಾಜಿಸ್ಟ್ರೇಟ್ ಮೂಟೆಯ ಹಾಗೆ ಕಾಣುತ್ತಾಳೆ ಎಂದು ಯಾರಾದರೂ ನಕ್ಕರೆ ನಗಲಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಲೇಸಿಯಾಳ ಮುಂದಿನ ಹಲ್ಲು ಬಿತ್ತು. ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು, ಅಮ್ಮ ಬಂದು ನೋಡುವವರೆಗೆ ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಹೊರಡಿಸಿದ್ದಾಳೆ. ಅಪ್ಪಣೆ ಕೊಡುವುದರಲ್ಲಿ ಥೇಟ್ ನಿನ್ನ ಮಗಳೇ.

ಇನ್ನು ಸುದ್ದಿ. ಹೊಸ ಕೋರ್ಟಿನ ಉದ್ಘಾಟನೆ ಚೆನ್ನಾಗಿ ಆಯಿತು ಎಂದು ಹೋದ ಪತ್ರದಲ್ಲಿ ಬರೆದಿದ್ದೆನಲ್ಲ, ಅದು ಅರ್ಧ ಸುಳ್ಳು. ರಿಬ್ಬನ್ ಕತ್ತರಿಸಿದ್ದು ನಿಜ, ಬಿಸಿಕಲ್ಲಿನ ಮೇಲೆ ಹಂದಿ ಬೇಯಿಸಿ ಊರೆಲ್ಲ ಉಂಡದ್ದೂ ನಿಜ. ಆದರೆ ನಿನ್ನ ಅಪ್ಪನನ್ನು ಮುಂದಿಟ್ಟುಕೊಂಡು ಹಿರಿಯರೆಲ್ಲ ಅಂಗಳದ ಮಾವಿನ ಮರದ ಕೆಳಗೆ ಅಡಿಕೆ ಜಗಿಯುತ್ತ ಕೂತರೇ ಹೊರತು ಒಬ್ಬರೂ ಹೊಸ್ತಿಲು ದಾಟಲಿಲ್ಲ. ನಿನಗೆ ತರಬೇತಿ, ನಮಗೆ ಕಟ್ಟಡ ಎರಡನ್ನೂ ಕೊಡಿಸಿದ ನೆರವಿನ ಯೋಜನೆಯ ಡಂಕನ್ ಸಾಹೇಬರ ಮುಖ ನೋಡಬೇಕಿತ್ತು. ಹೆಂಗಸು ಮ್ಯಾಜಿಸ್ಟ್ರೇಟ್ ಆಗುವುದು ಇವರಿಗೆ ಒಪ್ಪಿಗೆಯಿಲ್ಲ ಎಂದುಕೊಂಡರು ಪಾಪ. ನಿನ್ನನ್ನು ಗಿಜೋ ಕೋರ್ಟಿಗೆ ಹಾಕುವುದೇ ವಾಸಿ ಎಂದು ರಾಜಧಾನಿ ಹೊನಿಯಾರಾಕ್ಕೆ ಕಾಗದ ಬರೆಯಲು ಕೂತೇಬಿಟ್ಟರು. ಗಿಜೋ! ಹಡಗಿನಲ್ಲಿ ಎರಡು ದಿನದ ದಾರಿ. ನೀನು ಅಲ್ಲಿ, ನಾನೂ ಮಗುವೂ ಇಲ್ಲಿ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನೀನೂ ಅಲ್ಲಿ ಒಬ್ಬಳೇ ಕೊರಗುವುದು ಬೇಡವೆಂದು ಬರೆಯಲಿಲ್ಲ, ಕ್ಷಮಿಸು.

ಹಿರಿಯರ ತಕರಾರು ನಿನ್ನ ಮೇಲಲ್ಲ, ನಿನ್ನ ಕೋಣೆಯ ಮೇಲೆ. ಕೋಣೆ ಮಹಡಿಯಲ್ಲಿ, ಕೋರ್ಟು ನೇರ ಅದರ ಕೆಳಗೆ. ಹೆಂಗಸು ಓಡಾಡುವ ಹಲಗೆಯ ಕೆಳಗೆ ನಮ್ಮೂರ ಗಂಡಸರು ಯಾವತ್ತಾದರೂ ಕೂತದ್ದುಂಟೇ? ಈಗ ನಗಬೇಡ: ನಿನ್ನ ಕೋಣೆಯನ್ನು ಮೇಲಕ್ಕೆ ಏರಿಸಿದವನು ನಾನೇ. ಸಮುದ್ರದ ಗಾಳಿ ಚೆನ್ನಾಗಿ ಬರುತ್ತದೆ, ನನ್ನ ಹೆಂಡತಿಗೆ ಸೆಕೆ ತಡೆಯುವುದಿಲ್ಲ ಎಂದು ನಕ್ಷೆ ಬರೆಯುವವನ ಬೆನ್ನು ಹತ್ತಿ ಮಾಡಿಸಿದ್ದೆ. ಹೊನಿಯಾರಾದಲ್ಲಿ ಬೆಳೆದ ತಲೆ ನೋಡು, ಹಿರಿಯರು ಅಂಗಳದಲ್ಲೇ ಕೂರುವವರೆಗೆ ಇದು ಹೊಳೆಯಲೇ ಇಲ್ಲ. ಹಿರಿಯರಾದರೂ ಏನು ಮಾಡಿಯಾರು? ನಕ್ಷೆಯಲ್ಲಿ ಕೆಳಗಿನ ಅಂತಸ್ತು, ಮೇಲಿನ ಅಂತಸ್ತು ಎರಡನ್ನೂ ಅಕ್ಕಪಕ್ಕ ಬರೆದಿದ್ದರು. ಕೋರ್ಟೂ ನಿನ್ನ ಕೋಣೆಯೂ ಪಕ್ಕಪಕ್ಕದಲ್ಲೇ ಇವೆ ಎಂದುಕೊಂಡು ಎಲ್ಲರೂ ತಲೆಯಾಡಿಸಿ ಸಹಿ ಹಾಕಿದ್ದರು. ಕಟ್ಟಡ ಎದ್ದ ಮೇಲೆ ಬಾಯಿಬಿಟ್ಟು ಹೇಳುವವರು ಯಾರು? ಮಗಳ ಕಾಲಿನ ಮಾತನ್ನು ಮಾವ ಅಳಿಯನ ಮುಂದೆ ಆಡುವಂತಿಲ್ಲ, ಅಳಿಯ ಮಾವನ ಮುಂದೆ ಆಡುವಂತಿಲ್ಲ. ಇಬ್ಬರೂ ಮೂರು ದಿನ ಎದುರುಬದುರು ಕೂತು ಅಡಿಕೆ ಜಗಿದೆವು.

ಕೊನೆಗೆ ಬಂದವಳು ನಿನ್ನ ಅಮ್ಮ. ಗೆಣಸಿನ ಬುಟ್ಟಿಯನ್ನು ಧೊಪ್ಪನೆ ಇಳಿಸಿ ಡಂಕನ್ ಸಾಹೇಬರ ಎದುರು ನಿಂತು, "ಏನ್ ಸಾಹೇಬ್ರೇ, ಇಷ್ಟಕ್ಕೆ ಯಾಕ್ ಕಾಗದ ಬರೀತಾ ಕೂತಿದೀರಿ? ನನ್ ಮಗಳನ್ನ ಕೆಳಗೆ ಕೂರ್ಸಿ, ಈ ಗುಮಾಸ್ತ ಅಳಿಯನ್ನ ಮೇಲಕ್ಕೆ ಹತ್ಸಿ. ಇವನು ಎಲ್ ಕೂತ್ರೂ ತೂಕಡ್ಸೋದೇ ತಾನೆ!" ಎಂದಳು. ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಸಾಹೇಬರಿಗೆ ನಮ್ಮ ಪಿಜಿನ್ ಮಾತು ಅಷ್ಟು ಚೆನ್ನಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ಇನ್ನೂ ಆ ಮೆಟ್ಟಿಲು ಹತ್ತಿರಲಿಲ್ಲವೆಂಬುದೇ ನಮ್ಮ ಪುಣ್ಯ. ಒಮ್ಮೆ ಹತ್ತಿದ್ದರೂ ಕೆಳಗಿನ ಕೋರ್ಟಿಗೆ ಯಾವ ಗಂಡಸೂ ಕಾಲಿಡುತ್ತಿರಲಿಲ್ಲ. ಸಂಜೆಯೊಳಗೆ ನಿನ್ನ ಮೇಜು ಕೆಳಗಿಳಿಯಿತು. ಕಡತಗಳೂ ನಾನೂ ಮೇಲೆ ಹೋದೆವು. ಗಾಳಿ ನಿಜಕ್ಕೂ ಬೊಂಬಾಟ್.

ಮಾರನೆಯ ಬೆಳಿಗ್ಗೆ ನಿನ್ನ ಅಪ್ಪ ಎಲ್ಲರಿಗಿಂತ ಮೊದಲು ಒಳಗೆ ಬಂದರು. ನಿನಗೆ ನೆನಪಿದೆಯಲ್ಲ, ಗಲಭೆಯ ವರ್ಷಗಳಲ್ಲಿ ಹಳೆಯ ಕೋರ್ಟು ಸುಟ್ಟುಹೋದಾಗ "ಇನ್ಮೇಲೆ ಬಂದೂಕೇ ಮ್ಯಾಜಿಸ್ಟ್ರೇಟು" ಎಂದು ಉಗಿದು ಎದ್ದು ಹೋದವರು ಅವರು. ಈಗ ಗೋಡೆ ಸವರಿದರು, ಕಿಟಕಿ ತೆಗೆದು ಮುಚ್ಚಿ ನೋಡಿದರು, ಆಮೇಲೆ ನಿನ್ನ ಕುರ್ಚಿಯ ಹತ್ತಿರ ಬಂದು, "ಇದು ಅವಳದಾ?" ಎಂದರು. ಹೌದು ಎಂದೆ. ಅಲ್ಲಾಡಿಸಿ ನೋಡಿ, "ಕಾಲು ಕುಂಟ್ತಾ ಇದೆಯಲ್ಲೋ, ನನ್ ಮಗಳು ಬಿದ್ ಗಿದ್ದಾಳು" ಎಂದು ಮನೆಯಿಂದ ಮರ ಕೆತ್ತುವ ಬಾಚಿ ತಂದು, ಮಧ್ಯಾಹ್ನದವರೆಗೂ ನೆಲದ ಮೇಲೆ ಕೂತು ಕೆತ್ತಿ ಸರಿಮಾಡಿದರು. ನನಗೆ ಕಣ್ಣು ತುಂಬಿ ಬಂತು ನೊಯ್ಲಿನ್. ಸಾಹೇಬರು ತಾವು ಬರೆದಿದ್ದ ಕಾಗದವನ್ನು ತಾವೇ ಹರಿದುಹಾಕಿದರು. ನೀನು ನಮ್ಮೂರಿಗೇ ಬರುತ್ತೀಯೆ.

ಅಲೇಸಿಯಾಳ ಮುತ್ತು, ಅತ್ತೆಯ ಬೈಗುಳ, ನನ್ನ ಪ್ರೀತಿ ಮೂರನ್ನೂ ಈ ಲಕೋಟೆಗೆ ತುರುಕಿದ್ದೇನೆ. ಹುಷಾರಾಗಿ ಬಾ.

ಇಂತು ನಿನ್ನ
ಸೆಲ್ವಿನ್

ಮರೆತಿದ್ದೆ: ಟಪಾಲಿನ ಹಡಗು ಕೂಗುತ್ತಿದೆ, ಬೇಗ ಬರೆಯುತ್ತೇನೆ. ಹೊಸ ರಿಜಿಸ್ಟರಿನ ಮೊದಲ ಕೇಸು ನಿನ್ನ ಅಪ್ಪನದೇ! ಪಕ್ಕದ ಮನೆಯ ಮೈಲಾಸಿಯ ಹಂದಿ ಅವರ ಗೆಣಸಿನ ತೋಟ ಅಗೆದುಹಾಕಿದೆಯಂತೆ. "ನನ್ ಮಗಳೇ ಕೇಳ್ಬೇಕು. ನಮ್ಮನ್ನ ಅರೀದೋರು ನಮ್ಗೆ ನ್ಯಾಯ ಹೇಗ್ ಹೇಳ್ತಾರೆ?" ಎನ್ನುತ್ತಾರೆ. ಮೈಲಾಸಿಗೂ ಒಪ್ಪಿಗೆ: "ಅವಳೇ ಆಗ್ಲಿ. ಈ ಮುದುಕನ್ನ ಬೈಯೋ ಧೈರ್ಯ ಊರಲ್ಲಿ ಅವಳೊಬ್ಬಳಿಗೇ ಇರೋದು!" ಇಬ್ಬರೂ ನೀನು ಬರುವ ದಿನ ಎಣಿಸುತ್ತ ಒಟ್ಟಿಗೇ ಅಡಿಕೆ ಜಗಿಯುತ್ತಿದ್ದಾರೆ. ಅಪ್ಪನ ಕೇಸನ್ನು ಮಗಳು ಕೇಳುವಂತಿಲ್ಲ ಎಂದು ಅವರಿಗೆ ನೀನೇ ಬಂದು ಹೇಳಬೇಕು. ಆಗ ನಾನು ಮಹಡಿಯ ಮೇಲಿರುತ್ತೇನೆ.