ಮಸ್ಕತ್ತಿನ ಅಕ್ಕನಿಗೆ

ಕಾಪು,
18 ನವೆಂಬರ್ 2024, ಸೋಮವಾರ

ಪ್ರೀತಿಯ ಜೆರ್ಟಿ ಅಕ್ಕಾ,

ಹೇಗಿದ್ದೀ? ಮೊಣಕಾಲಿನ ನೋವು ಈಗಲೂ ಉಂಟಾ? ನಾವು ಅಲ್ಲಿ ಹಾಡಲು ಬಂದ ದಿನ ನೀನು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದದ್ದನ್ನು ನೋಡಿದೆ. ನಿನ್ನ ಕನ್ನಡಕದ ಒಂದು ಕಡ್ಡಿಗೆ ನೂಲು ಸುತ್ತಿದ್ದನ್ನೂ ನೋಡಿದೆ. ಅದರಲ್ಲಿ ಓದಲಿಕ್ಕೆ ಆಗದಿದ್ದರೆ ನಿಮ್ಮನ್ನು ನೋಡಿಕೊಳ್ಳುವ ಹರ್ಷಿಣಿಯವರು ಈ ಪತ್ರವನ್ನು ಓದಿ ಹೇಳಲಿ. ಅವರಿಗೆ ಕೊಂಕಣಿ ಬಾರದು, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದು ಹೇಳಬಹುದು. ನಿಜವಾದ ಕಾರಣ ಬೇರೆ, ಮುಂದೆ ಬರೆಯುತ್ತೇನೆ. ಇಂಗ್ಲಿಷ್ ಶಾಲೆಯವಳ ಕನ್ನಡ ಇದು, ತಪ್ಪಿದ್ದಲ್ಲಿ ತಿದ್ದಿಕೋ. ನನ್ನ ಕನ್ನಡ ಕಾಪಿ ಪುಸ್ತಕವನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದವಳು ನೀನೇ ಅಲ್ಲವೇ?

ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ಮಗಳು ಕ್ಯಾರೆನ್ ಮಣಿಪಾಲದಲ್ಲಿ ಎರಡನೇ ವರ್ಷದ ಕಾಲೇಜು. ನಿನ್ನನ್ನು ಕೊನೆಯ ಸಲ ನೋಡಿದಾಗ ಅವಳಿಗೆ ಹನ್ನೊಂದು ವರ್ಷ. ಕೂದಲು ಬಾಚುವಾಗ ನಿನ್ನ ಹಾಗೆಯೇ ತಲೆಯನ್ನು ಒಂದು ಬದಿಗೆ ವಾಲಿಸುತ್ತಾಳೆ. ಅದನ್ನು ಅವಳಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನೀನು ನನ್ನನ್ನು ಆ ಗುಂಪಿನಲ್ಲಿ ಕಂಡು ಆಶ್ಚರ್ಯಪಟ್ಟಿರಬೇಕು. ನಾನು ಹಾಡಲು ಸೇರಿ ಏಳು ವರ್ಷವಾಯಿತು. ನಾವು ಸುಮಾರು ಮೂವತ್ತು ಮಂದಿ, ಅರ್ಧ ಕೊಂಕಣಿಯವರು, ಅರ್ಧ ತುಳುವಿನವರು. ಭಾನುವಾರ ಸಂಜೆ ಬನ್ನಂಜೆಯ ಒಂದು ಸಭಾಂಗಣದಲ್ಲಿ ಅಭ್ಯಾಸ. ಡಯಾಲಿಸಿಸ್ ರೋಗಿಗಳಿಗೆ, ಕಿವಿ ಕೇಳದ ಮಕ್ಕಳಿಗೆ, ನಿಮ್ಮದರಂಥ ಆಶ್ರಮಗಳಿಗೆ ಸಹಾಯವಾಗಲೆಂದು ಸ್ಟೇಜಿನಲ್ಲಿ ಹಾಡುತ್ತೇವೆ. ನಡೆಸುವವರು ಕುಶಲಾ, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಒಳ್ಳೆಯ ಹೆಂಗಸು, ವ್ಯಂಗ್ಯವಾಗಿ ಹೇಳುತ್ತಿಲ್ಲ. ಸೇರಿದ ಮೊದಲ ತಿಂಗಳಲ್ಲಿ ಅವರು ಕಾಫಿ ಕುಡಿಯುತ್ತಾ, "ನಿಮಗೆ ಒಬ್ಬರು ಅಕ್ಕ ಇದ್ದಾರಲ್ವಾ, ಅವರು ಎಲ್ಲಿ?" ಎಂದು ಕೇಳಿದರು. "ಮಸ್ಕತ್ತಿನಲ್ಲಿ, ಎಡ್ವಿನ್ ಅಣ್ಣನ ಜೊತೆ" ಎಂದುಬಿಟ್ಟೆ. ಯಾರೂ ಹೇಳಿಕೊಟ್ಟದ್ದಲ್ಲ. ಕ್ಯಾರೆನ್‌ಗೆ ಮುಂದೆ ಸಂಬಂಧ ನೋಡಬೇಕು, ಜನ ಏನೇನೋ ಹೇಳುತ್ತಾರೆ ಎಂಬ ನೆಪಗಳೆಲ್ಲ ಆಮೇಲೆ ಹುಡುಕಿಕೊಂಡದ್ದು. ನಮ್ಮೂರಿನಲ್ಲಿ ಮಸ್ಕತ್ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಪ್ರಶ್ನೆ ಕೇಳಲಿಲ್ಲ ನಿಜ, ಖರ್ಜೂರ ಕೇಳಿದರು. ಗಲ್ಫಿನಲ್ಲಿ ಅಕ್ಕ ಇರುವವಳು ವರ್ಷಕ್ಕೊಮ್ಮೆಯಾದರೂ ಹಂಚಬೇಡವೇ? ಉಡುಪಿಯ ಬಸ್ ಸ್ಟ್ಯಾಂಡ್ ಹತ್ತಿರ ಗಲ್ಫ್ ಸಾಮಾನಿನ ಅಂಗಡಿ ಉಂಟು. ಪ್ರತಿ ವರ್ಷ ಅಲ್ಲಿಂದ ಹತ್ತು ಪೊಟ್ಟಣ ತಂದು, ಮನೆಯಲ್ಲಿ ಕೂತು ಬೆಲೆಯ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆಯುತ್ತೇನೆ. ಅಂಟು ಹೋಗದಿದ್ದರೆ ತೆಂಗಿನೆಣ್ಣೆ ಹಚ್ಚುತ್ತೇನೆ. ಏಳು ವರ್ಷ ಹೀಗೆ ಮಾಡಿದೆ ಅಕ್ಕಾ. ಇಷ್ಟು ಶ್ರದ್ಧೆಯಿಂದ ನಿನ್ನನ್ನು ನೋಡಲು ಒಂದು ಸಲವೂ ಬರಲಿಲ್ಲ. ಕಾಪುವಿನಿಂದ ಕಾರ್ಕಳದ ನಿಮ್ಮ ಆಶ್ರಮಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತು?

ಈ ವರ್ಷ ನಿಮ್ಮ ಆಶ್ರಮದ ಹೊಸ ಕೋಣೆಗಳಿಗಾಗಿ ಮಣಿಪಾಲದಲ್ಲಿ ಹಾಡುವುದೆಂದು ತೀರ್ಮಾನವಾಯಿತು. ಯಾರಿಗಾಗಿ ಹಾಡುತ್ತೇವೋ ಅವರ ಮುಂದೆ ಮೊದಲು ಹಾಡಿ ಬರುವುದು ನಮ್ಮ ಪದ್ಧತಿ. ನಿಮ್ಮಲ್ಲಿಗೆ ಬರುವ ಭಾನುವಾರ ಜ್ವರ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ನಿನ್ನನ್ನು ನೋಡುವ ಆಸೆಯೋ, ನಲವತ್ತು ಮುಖಗಳ ನಡುವೆ ನೀನು ಕಾಣಲಿಕ್ಕಿಲ್ಲ ಎಂಬ ಧೈರ್ಯವೋ, ಇವತ್ತಿಗೂ ತಿಳಿಯದು.

ನೀನು ಎರಡನೇ ಸಾಲಿನಲ್ಲಿ ಕಿಟಕಿಯ ಬಳಿ ಕೂತಿದ್ದಿ. ನಾವು ಪಪ್ಪನ ಹಾಡನ್ನು ಕೊನೆಗೆ ಇಟ್ಟಿದ್ದೆವು. ಪಪ್ಪ ಕೆಮ್ಮಣ್ಣಿನಲ್ಲಿ ಹಾರ್ಮೋನಿಯಮ್ ಮುಂದೆ ಕೂತು ಕಟ್ಟಿದ ಆ ದೋಣಿಯ ಹಾಡನ್ನು ಬಳಗಕ್ಕೆ ಕಲಿಸಿದ್ದು ನಾನೇ. ಅದಕ್ಕೆ ಕೆಳಗಿನಿಂದ ಜೊತೆಗೂಡಿಸಿ ಹಾಡುವ ಎರಡನೇ ಸ್ವರ ಇಲ್ಲ ಎಂದು ಹೇಳಿದ್ದೂ ನಾನೇ. ಪಪ್ಪ ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ, ನಿನಗೆ ಮಾತ್ರ ಕಲಿಸಿದ್ದರು. ನನಗೆ ರಾಗದ ಮೇಲಿನ ಸ್ವರವೇ ಬೇಕೆಂದು ಹಟ ಮಾಡಿದಾಗ, "ಅವಳು ಚಿಕ್ಕವಳು, ನಾನು ಕೆಳಗಿನದ್ದು ಹಾಡ್ತೇನೆ" ಎಂದವಳು ನೀನು. ಆ ಭಾನುವಾರ ಎರಡನೇ ಚರಣದಲ್ಲಿ ಕಿಟಕಿಯ ಕಡೆಯಿಂದ ಆ ಸ್ವರ ಬಂತು. ಸಣ್ಣದಾಗಿ, ಒಂದು ಕೂದಲೆಳೆಯೂ ತಪ್ಪದೆ. ಕುಶಲಾ ಕೈ ತಗ್ಗಿಸಿ ನಮ್ಮೆಲ್ಲರ ದನಿಯನ್ನು ಇಳಿಸಿದರು. ಮೂವತ್ತು ಮಂದಿ ನಿನಗೆ ದಾರಿ ಬಿಟ್ಟು ಹಾಡಿದರು. ನಾನು ಬಾಯಿ ಮಾತ್ರ ಆಡಿಸಿದೆ.

ಮುಗಿದ ಮೇಲೆ ಕುಶಲಾ ನನ್ನ ಕಡೆ ತಿರುಗಿ, "ಎಂತ ರೇಚಲ್, ಎರಡನೇ ಸ್ವರ ಇಲ್ಲ ಅಂತ ಹೇಳಿದ್ದು ನೀವೇ ಅಲ್ವಾ? ಇವರಿಗೆ ಯಾರು ಕಲಿಸಿದ್ದು?" ಎಂದರು. "ಎಲ್ಲೋ ಚರ್ಚಿನಲ್ಲಿ ಕೇಳಿರಬೇಕು" ಎಂದೆ. ಆಮೇಲೆ ಚೀಲ ಹಂಚುವ ಸಾಲು. ಸೋಪು, ಮೈ ಒರೆಸುವ ಬೈರಾಸು, ಒಂದು ತುಂಡು ಶಂಕರಪುರ ಮಲ್ಲಿಗೆ. ನಿನ್ನ ಸರದಿ ನನಗೇ ಬರುತ್ತದೆಂದು ಲೆಕ್ಕ ಹಾಕಿ, ನಮ್ಮ ದಪ್ಪ ಸ್ವರದ ಪಾಸ್ಕಲ್ ಜೊತೆ ಜಾಗ ಬದಲಿಸಿಕೊಂಡೆ. ಅವರಿಗೆ ಸುಮ್ಮನಿದ್ದು ಗೊತ್ತಿಲ್ಲ. ನಿನ್ನ ಕೈಗೆ ಚೀಲ ಕೊಡುತ್ತಲೇ ನನ್ನನ್ನು ನೋಡಿ, "ಹೌದಾ ರೇಚಲ್ ಬಾಯಿ, ಈ ಸಲ ಮಸ್ಕತ್ತಿನ ಅಕ್ಕನ ಖರ್ಜೂರ ಎಲ್ಲಿ? ಅಕ್ಕ ನಮ್ಮನ್ನು ಮರೆತ್ರಾ?" ಎಂದು ನಕ್ಕರು.

ನೀನು ಕೇಳಿಸಿಕೊಂಡೆ. ಒಂದು ಗಳಿಗೆ ನನ್ನ ಮುಖ ನೋಡಿದೆ. ಕೊಂಕಣಿಯಲ್ಲಿ ನನ್ನ ಹೆಸರು ಹಿಡಿದು ಕರೆಯುತ್ತೀ ಎಂದುಕೊಂಡೆ. ನೀನು ಮಲ್ಲಿಗೆಯನ್ನು ಮೂಸಿ, ಶುದ್ಧ ಕನ್ನಡದಲ್ಲಿ, "ನಿಮ್ಮ ಸ್ವರ ಚಂದ ಉಂಟು ಮೇಡಂ" ಎಂದೆ.

ಹುಟ್ಟಿದಾಗಿನಿಂದ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿದ್ದಿಲ್ಲ. ನೀನು ಹಾಗೆ ಒಂದೇ ಮಾತಿನಲ್ಲಿ ನನ್ನನ್ನು ಕಾಪಾಡಿದ ಮೇಲೆ ಕೊಂಕಣಿಯಲ್ಲಿ ಬರೆಯುವ ಹಕ್ಕು ನನಗೆ ಉಳಿದಿಲ್ಲ ಅನ್ನಿಸಿತು. ಬಸ್ಸಿನಲ್ಲಿ ಎಲ್ಲರೂ ನಿನ್ನ ಬಗ್ಗೆಯೇ ಮಾತಾಡಿದರು. ಪಾಪ, ಇಷ್ಟು ಬುದ್ಧಿ ಇರುವವರನ್ನು ಮನೆಯವರು ಹೀಗೆ ಬಿಟ್ಟಿದ್ದಾರಲ್ಲ ಎಂದರು. ನಾನೂ ತಲೆಯಾಡಿಸಿದೆ. ಮಮ್ಮಿ ಹೋದ ಮೇಲೆ ನೀನು ನಿದ್ದೆಯಿಲ್ಲದೆ ತಿರುಗಿದ್ದು, ಎಡ್ವಿನ್ ಅಣ್ಣ ರಜೆಯಲ್ಲಿ ಬಂದು ನಿನ್ನನ್ನು ಆಶ್ರಮಕ್ಕೆ ಸೇರಿಸಿದ್ದು, ಎರಡೇ ವರ್ಷದಲ್ಲಿ ಡಾಕ್ಟರ್ "ಇನ್ನು ಮನೆಗೆ ಹೋಗಬಹುದು" ಎಂದದ್ದು, ಎಲ್ಲ ನೆನಪಾಯಿತು. ಯಾರ ಮನೆಗೆ ಎಂದು ಅಣ್ಣ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಕಾಯಿಲೆಗೆ ಮಾತ್ರೆ ಇತ್ತು. ನಮ್ಮದಕ್ಕೆ ಎಂತ ಹೇಳುವುದು?

ತಣ್ಣೀರಿನಲ್ಲಿ ಸ್ನಾನ ಮಾಡಬೇಡ. ಮಾತ್ರೆ ತಪ್ಪಿಸಬೇಡ. ಹರ್ಷಿಣಿಯವರಿಗೂ ನಿನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿಗೂ ನನ್ನ ವಂದನೆ ಹೇಳು. ದೇವರು ನಿನ್ನನ್ನು ಚೆನ್ನಾಗಿಡಲಿ. ನನ್ನ ಪ್ರಾರ್ಥನೆಗೆ ಬೆಲೆ ಇದೆಯೋ ಇಲ್ಲವೋ, ಮಾಡುತ್ತಿದ್ದೇನೆ.

ನಿನ್ನ ತಂಗಿ,
ರೇಚಲ್

ಬರೆಯಲು ಹೆದರಿ ಕೊನೆಗೆ ಉಳಿಸಿದ್ದು: ಮುಂದಿನ ಬುಧವಾರ ಕುಶಲಾ ಅಲ್ಲಿಗೆ ಬರುತ್ತಾರೆ. ನಿನ್ನನ್ನು ಮಣಿಪಾಲದ ಸ್ಟೇಜಿಗೆ ಕರೆಯುತ್ತಾರೆ. "ಇವರು ಹಾಡಿದರೆ ಜನ ಅಳ್ತಾರೆ" ಎಂದು ಅವರ ಲೆಕ್ಕ. ಇಷ್ಟವಿಲ್ಲದಿದ್ದರೆ ಬೇಡ ಎನ್ನು. ಆದರೆ ಹೆಸರು ಕೇಳಿದಾಗ ಪೂರ್ತಿ ಹೆಸರು ಹೇಳು, ಪಪ್ಪನ ಹೆಸರು, ಕೆಮ್ಮಣ್ಣು, ಎಲ್ಲ. ಅವರಿಗೆ ನನ್ನ ತವರು ಗೊತ್ತು, ಕೂಡಲೇ ತಿಳಿಯುತ್ತದೆ. ಕಳೆದ ಮೂರು ಭಾನುವಾರ ನಾನೇ ಹೇಳಲು ಹೊರಟು, ಕಾಫಿ ಕುಡಿದು ಹಿಂದೆ ಬಂದಿದ್ದೇನೆ. ಈ ಪತ್ರದ ಜೊತೆಗಿನ ಪಾರ್ಸೆಲಿನಲ್ಲಿ ಒಂದು ಪೊಟ್ಟಣ ಖರ್ಜೂರ ಉಂಟು, ಇದರ ಚೀಟಿ ಕೆರೆದಿಲ್ಲ. ಈ ಸಲವೂ ಕೆಳಗಿನ ಸ್ವರವನ್ನು ನಿನಗೇ ಬಿಡುತ್ತಿದ್ದೇನೆ ಎಂದು ಗೊತ್ತು. ಆದರೆ ನೀನು ಹೇಳದಿದ್ದರೆ ನಾನು ಹೇಳುವವಳಲ್ಲ ಅಕ್ಕಾ. ನನ್ನನ್ನು ನಾನು ಅಷ್ಟಾದರೂ ಬಲ್ಲೆ.